ರಂಗರೂಟನ ಎಲುಬಿಗೆ ಬಿಡುವು ಬೇಕು

ಹಾವೇರಿಯಿಂದ ಬರೆದ ನಿವೃತ್ತ ಹವಾಲ್ದಾರರಿಗೆ ನಮಸ್ಕಾರ.

ರಂಗರೂಟರ, ಎಂದರೆ ಹೊಸದಾಗಿ ಸೇರಿದ ಸೈನಿಕರ, ದೈಹಿಕ ತರಬೇತಿ ಸುಧಾರಿಸಬೇಕೆಂಬ ನಮ್ಮ ಲೇಖನ ಓದಿ ನೀವು ಖಾರವಾಗಿಯೇ ಬರೆದಿದ್ದೀರಿ. ‘ನಮ್ಮನ್ನು ಉಸ್ತಾದರು ಹಗಲೂ ರಾತ್ರಿ ಓಡಿಸಿದರು, ನಾವು ಗಟ್ಟಿಯಾದೆವು. ಬಿಡುವು, ನಿದ್ದೆ ಎಂದು ಹುಡುಗರನ್ನು ಮೆತ್ತಗೆ ಮಾಡಬೇಡಿ’ ಎಂಬುದು ನಿಮ್ಮ ಮಾತು. ಊರಿನ ಹುಡುಗರನ್ನು ಸೇನಾ ಭರ್ತಿ ರ‍್ಯಾಲಿಗೆ ನೀವೇ ತಯಾರು ಮಾಡುತ್ತಿರುವುದನ್ನೂ ತಿಳಿಸಿದ್ದೀರಿ. ನಿಮ್ಮ ಮೇಲೆ ಗೌರವವಿದೆ. ಆದರೂ ಈ ಮಾತು ಒಪ್ಪಲಾರೆ.

ಓಟ ಜಾಸ್ತಿಯಾದರೆ ಉಸಿರು, ಸ್ನಾಯು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಎಲುಬು ಹಾಗಲ್ಲ. ಹೊಸ ಭಾರ ಬಿದ್ದ ಕಡೆ ದೇಹ ಮೊದಲು ಹಳೆಯ ಎಲುಬನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಕರಗಿದ್ದು ತುಂಬಿಕೊಳ್ಳುವ ಮೊದಲೇ ಬೂಟು ಹಾಕಿಸಿ, ಪಿಟ್ಠು (ಬೆನ್ನಿನ ಚೀಲ) ಹೊರಿಸಿ ದಿನವೂ ಓಡಿಸಿದರೆ ಮೊಣಕಾಲ ಕೆಳಗಿನ ಎಲುಬು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಶುರುವಿನಲ್ಲಿ ಎಕ್ಸ್‌ರೇಗೂ ಅದು ಸಿಗದೆ ಹೋಗಬಹುದು. ನೋವೆಂದ ಹುಡುಗ ಸುಳ್ಳುಗಾರನೆನಿಸಿಕೊಂಡು ಕುಂಟುತ್ತಲೇ ಓಡುತ್ತಾನೆ.

ಇಸ್ರೇಲ್ ಸೇನೆಯ ವೈದ್ಯರು ಈ ಬಿರುಕಿನ ಬೆನ್ನು ಹತ್ತಿ ಸುಮಾರು 25 ವರ್ಷ ದುಡಿದರು. ಕೊನೆಗೆ ಚೆನ್ನಾಗಿ ಫಲ ಕೊಟ್ಟದ್ದು ರಾತ್ರಿ ಕನಿಷ್ಠ 6 ಗಂಟೆ ನಿದ್ದೆಯ ಕಟ್ಟುನಿಟ್ಟು, ಜೊತೆಗೆ ಒಟ್ಟು ಮಾರ್ಚಿಂಗ್ ದೂರದಲ್ಲಿ ಕಡಿತ. ಬಿರುಕಿನ ಪ್ರಕರಣಗಳು ಅರ್ಧಕ್ಕಿಂತ ಕೆಳಗಿಳಿದವು.

ಸೇನೆಯ ದೈಹಿಕ ಪರೀಕ್ಷೆಯ ಮಟ್ಟ ಇಳಿಸಿ ಎಂದು ನಾವು ಹೇಳಿಲ್ಲ. ರೈಫಲ್ ಹಿಡಿದು 5 ಕಿ.ಮೀ. ಓಡಲೇಬೇಕು, 9 ಅಡಿ ಹಳ್ಳ ಹಾರಲೇಬೇಕು, ಹಗ್ಗ ಹತ್ತಲೇಬೇಕು. ಆದರೆ 2022ರಲ್ಲಿ ಅಗ್ನಿಪಥ ಎಂಬ ಭರ್ತಿ ಯೋಜನೆ ಬಂದ ಮೇಲೆ ತರಬೇತಿಯ ಅವಧಿಯೇ ಮೊಟಕಾಗಿದೆ. ಹೊಲದಲ್ಲಿ ದುಡಿದು ಬಂದವನನ್ನೂ ಪಿಯುಸಿ ಪುಸ್ತಕದಿಂದ ಎದ್ದು ಬಂದವನನ್ನೂ ಮೊದಲ ವಾರವೇ ಒಂದೇ ಸಾಲಿನಲ್ಲಿ, ಒಂದೇ ವೇಗದಲ್ಲಿ ಓಡಿಸುವುದು ಅನ್ಯಾಯ. ತಾಕತ್ತು ನೋಡಿ ಗುಂಪು ಮಾಡಲಿ.

ಇನ್ನು ನಿಮ್ಮ ಹುಡುಗರ ವಿಷಯ. ರ‍್ಯಾಲಿಯಲ್ಲಿ 1.6 ಕಿ.ಮೀ.ಯನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ ಎಂಬ ಆಸೆಗೆ ಅವರು ಸವೆದ ಶೂ ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ದಿನವೂ ಜೀವ ತೇಯುತ್ತಾರೆ. 10 ಪುಲ್-ಅಪ್‌ಗೂ 40 ಅಂಕವಿದೆ. ವಾರಕ್ಕೆರಡು ದಿನ ಓಟ ಬಿಡಿಸಿ ಅದನ್ನು ಮಾಡಿಸಿ. ಓಟದ ದೂರವನ್ನು ವಾರವಾರ ಸ್ವಲ್ಪ ಸ್ವಲ್ಪವೇ ಏರಿಸಿ. ಕಾಲು ನೋವೆಂದವನ ಎಲುಬಿನ ಮೇಲೆ ಬೆರಳೊತ್ತಿ ನೋಡಿ. ಒಂದೇ ಜಾಗದಲ್ಲಿ ಚುರುಕ್ಕೆಂದರೆ ಅಂದೇ ಓಟ ನಿಲ್ಲಿಸಿ ವೈದ್ಯರ ಬಳಿಗೆ ಕಳುಹಿಸಿ. ನಿಮ್ಮ ಮಾತನ್ನು ಅವನು ಮೀರುವುದಿಲ್ಲ.

– ಸಂಪಾದಕ