ಹಾಡು ಹತ್ತಿರದ್ದು, ಶ್ರುತಿ ದೂರದ್ದು

ಹೆಸರು ಬೇಡವೆಂದು ಕೋರಿ ಮುಂಬಯಿಯ ಚೆಂಬೂರಿನ ಓದುಗರೊಬ್ಬರು ಬರೆಯುತ್ತಾರೆ: 'ನಮ್ಮ ಕನ್ನಡ ಸಭೆಯಲ್ಲಿ ಭಾನುವಾರದ ಹಾಡುಗಳನ್ನು ನಡೆಸುವವನು ನಾನು. ಯೇಸುವನ್ನು ನೀನು ನನ್ನವನು ಎಂದು ಕರೆಯುವ ಹಾಡೆತ್ತಿದರೆ ಹಿರಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ, ಇದು ಸಿನಿಮಾ ಸಲುಗೆ ಎನ್ನುತ್ತಾರೆ. ನಾನಂತೂ ಕಣ್ಣು ಮುಚ್ಚಿ ಮೈಮರೆಯುತ್ತೇನೆ. ಇಂಥ ಹಾಡು ಬಿಡಬೇಕೇ?'

ಖಂಡಿತ ಬಿಡಬೇಡಿ. ಹಿರಿಯರ ಮಾತಿನಲ್ಲೂ ತಿರುಳಿದೆ. ಬಾಸೆಲ್ ಮಿಷನ್ ಪರಂಪರೆಯ ಗೀತೆಗಳಲ್ಲಿ ಶಿಲುಬೆ, ಪುನರುತ್ಥಾನಗಳಿಗೆ ಇರುವ ಜಾಗ ಹೊಸ ಹಾಡುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಅದಿರಲಿ.

ದೇವರೊಂದಿಗೆ ಸಲುಗೆ ಗಿಟಾರಿನ ಜೊತೆ ಹಡಗಿಳಿದು ಬಂದದ್ದೆಂದು ಅವರಿಗೆ ಹೇಳಿದವರು ಯಾರು? ಚೆನ್ನಮಲ್ಲಿಕಾರ್ಜುನನೇ ಗಂಡನೆಂದ ಅಕ್ಕ, ವಿಠಲನನ್ನೇ ಮೂದಲಿಸಿದ ಪುರಂದರದಾಸರು ನಮ್ಮ ಮನೆಯವರೇ ಅಲ್ಲವೇ? 1895ರಲ್ಲಿ ಇದೇ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದ ಮರಾಠಿ ಕವಿ ನಾರಾಯಣ ವಾಮನ ಟಿಳಕರು ತುಕಾರಾಮರ ದಾರಿಯಲ್ಲೇ ನಡೆದು ಕ್ರಿಸ್ತನಿಗೆ ಅಭಂಗ ಕಟ್ಟಿದರು. ಅಷ್ಟೇಕೆ, ಬೈಬಲಿನ 23ನೆಯ ಕೀರ್ತನೆಯನ್ನೇ ತೆರೆಯಿರಿ. ಹಸಿರು ಹುಲ್ಲುಗಾವಲಿನಲ್ಲಿ ಇರುವಷ್ಟು ಹೊತ್ತು ದೇವರು 'ಆತನು'. ಕಾರ್ಗತ್ತಲ ಕಣಿವೆಗೆ ಇಳಿದದ್ದೇ ತಡ, 'ನೀನು'. ರಾತ್ರಿ ಪಾಳಿ ಮುಗಿಸಿ ನೇರವಾಗಿ ಆರಾಧನೆಗೆ ಬಂದು ಕೂರುವ ಹುಬ್ಬಳ್ಳಿಯ ನರ್ಸ್ ಹುಡುಗಿಗೆ ಬೇಕಾದದ್ದೂ ಈ 'ನೀನು'.

ಈಗ ನಿಮ್ಮ ಸರದಿ. ಮೈಮರೆಯುವುದು ಸರಿ, ಸಭೆಯನ್ನೂ ಮರೆಯುವುದೇ? ಹಿರಿಯರು ಬಾಯಿ ಮುಚ್ಚಿದ್ದು ಸಲುಗೆಗಿಂತ ಹೆಚ್ಚಾಗಿ ನಿಮ್ಮ ಶ್ರುತಿಗೆ ಎಂದು ನನ್ನ ಗುಮಾನಿ. ಯೂಟ್ಯೂಬಿನ ತರುಣ ಗಾಯಕ ಏರಿದಲ್ಲಿಗೆ ಅರವತ್ತು ದಾಟಿದ ಕಂಠ ಏರದು. ಶ್ರುತಿ ಇಳಿಸಿ. ಕಣ್ಣು ತೆರೆದು ಸಭೆಯ ತುಟಿಗಳನ್ನು ನೋಡಿ. ಕೊನೆಯ ಪಲ್ಲವಿಗೆ ಡ್ರಮ್ಸ್, ಕೀಬೋರ್ಡ್ ಎರಡನ್ನೂ ನಿಲ್ಲಿಸಿ, ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ. ಆಗ ಕೇಳುವುದು ನಿಮ್ಮೊಬ್ಬರ ದನಿಯೇ ಆದರೆ, ಅಷ್ಟು ಹೊತ್ತು ನೀವು ನಡೆಸಿದ್ದು ಕಛೇರಿ.

ಇನ್ನೊಂದು ಸಂಕಟ ಉಂಟು. ಜರ್ಮನಿಯಿಂದ ಬಂದ ಕಿಟ್ಟೆಲರು ಕನ್ನಡ ಛಂದಸ್ಸು ಕಲಿತು 1862ರಲ್ಲಿ ಯೇಸುವಿನ ಕಥೆಯನ್ನು ಪದ್ಯದಲ್ಲಿ ಬರೆದರು. ನಮ್ಮವರೋ ಇಂಗ್ಲಿಷ್ ರಾಗಕ್ಕೆ ಕನ್ನಡ ಪದಗಳನ್ನು ತುರುಕಿ, ಹ್ರಸ್ವವನ್ನು ಎಳೆದು, ದೀರ್ಘವನ್ನು ಮೊಟಕು ಮಾಡಿ ಹಾಡುತ್ತಾರೆ. ಮುಂಬಯಿಯ ಕನ್ನಡ ಸಂಘಗಳ ಭಾವಗೀತೆ ಸ್ಪರ್ಧೆಗಳಲ್ಲೂ ಇದೇ ಪಾಡು. ಮಕ್ಕಳ ಕೈಯಲ್ಲಿನ ಚೀಟಿ ನೋಡಿದರೆ ರೋಮನ್ ಅಕ್ಷರ! ನಿಮ್ಮ ಸಭೆಯ ಪರದೆಯ ಮೇಲೆ ಮೂಡುವುದು ಯಾವ ಲಿಪಿ? ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.

– ಸಂಪಾದಕ