'ಗಮ್ಯಂ' ನೋಡಿ ನಾನೂ ಬೈಕ್ ಹತ್ತಿದ್ದೆ, ಬ್ಯಾಗಿನಲ್ಲಿ ಚೆಕ್ ಪುಸ್ತಕ ಇತ್ತು

ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ನೀರು ಕುಡಿದು ಬಂದೆ. ಅಪ್ಪನ ಸಿಮೆಂಟ್ ಅಂಗಡಿಯ ಗಲ್ಲಾದಲ್ಲಿ ಕೂರಲು ಮನಸ್ಸಿಲ್ಲ, ತೆಲುಗಿನ 'ಗಮ್ಯಂ' ಸಿನಿಮಾ ನೋಡಿದ್ದೀರಿ, ಮೊಬೈಲ್ ಮನೆಯಲ್ಲೇ ಬಿಟ್ಟು ಮೂರು ತಿಂಗಳು ಬೈಕಿನಲ್ಲಿ ಸುತ್ತಿ ನಿಮ್ಮನ್ನು ನೀವು ಹುಡುಕಿಕೊಳ್ಳಬೇಕು, ಹೋಗಲಾ ಬೇಡ್ವಾ ಅಂತ ಕೇಳಿದ್ದೀರಿ. ಸಿಮೆಂಟ್ ಅಂಗಡಿ ಅನ್ನುವ ಕಡೆ ರೈಸ್ ಮಿಲ್ ಅಂತ ಹಾಕಿ. ಅದು 2008ರ ನಾನು.

ನಮ್ಮದು ಗಂಗಾವತಿ. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡ ರೈತರು ಸುತ್ತಲೂ ಇದ್ದಾರೆ. ಹಾಗಾಗಿ ತೆಲುಗು ಸಿನಿಮಾ ನಮಗೆ ಪರಕೀಯ ಅಲ್ಲ. 'ಗಮ್ಯಂ' ಬಂದಿದ್ದು ಆ ವರ್ಷ ಫೆಬ್ರವರಿ 29ಕ್ಕೆ, ಕ್ರಿಷ್ ಅವರ ಮೊದಲ ಚಿತ್ರ. ಮೂರು ಸಲ ನೋಡಿದೆ. ಶ್ರೀಮಂತ ಹುಡುಗ ಅಭಿರಾಮ್ ಆಗಿ ಶರ್ವಾನಂದ್ ಬೈಕಿನಲ್ಲಿ ಊರೂರು ತಿರುಗುವುದನ್ನು ನೋಡುತ್ತಾ ನನಗೆ ನನ್ನ ಮಿಲ್ಲಿನ ತೌಡಿನ ಧೂಳು ಅಸಹ್ಯ ಅನ್ನಿಸತೊಡಗಿತು. ಆಗ ನನಗೆ 24 ವರ್ಷ.

ಮೇ ತಿಂಗಳು. ಬೇಸಿಗೆ ಬೆಳೆಯ ಭತ್ತ ಬರುವ ಹೊತ್ತು. ಅಪ್ಪ ಅಮ್ಮ ತಿರುಪತಿಗೆ ಹೋದರು. ಹೋಗುವಾಗ ಅಪ್ಪ ಎರಡು ಚೆಕ್‌ಗೆ ಸಹಿ ಹಾಕಿ ಪುಸ್ತಕ ನನ್ನ ಕೈಗೆ ಕೊಟ್ಟು, "ಶನಿವಾರ ಹಮಾಲರ ಬಟವಾಡೆ ತಪ್ಪಬಾರದು" ಅಂದರು. ನಾನು ಅದನ್ನು ಬ್ಯಾಂಕಿಗೆ ಒಯ್ಯುವ ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಇಟ್ಟೆ. ಗುರುವಾರ ಬೆಳಗಿನ ಜಾವ ಅದೇ ಬ್ಯಾಗಿಗೆ ನಾಲ್ಕು ಬಟ್ಟೆ ತುರುಕಿ, ಫೋನ್ ಆಫ್ ಮಾಡಿ, ಕಂಪ್ಲಿ ದಾಟಿ ಬಳ್ಳಾರಿ ಕಡೆ ಹೊರಟುಬಿಟ್ಟೆ. ಗುಂತಕಲ್, ಗುತ್ತಿ, ರಾತ್ರಿಗೆ ನಂದ್ಯಾಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಚೆಕ್ ಪುಸ್ತಕ ಮರೆತು ಒಯ್ದೆ ಅಂತ ತುಂಬಾ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಒಯ್ದಿದ್ದು ಮರೆತೇ. ಆದರೆ ಶುಕ್ರವಾರ ಬೆಳಿಗ್ಗೆ ನಂದ್ಯಾಲದ ಲಾಡ್ಜಿನಲ್ಲಿ ಬ್ರಷ್ ಹುಡುಕುತ್ತಾ ಒಳಗಿನ ಜಿಪ್ ಎಳೆದಾಗ ಅದು ಕಣ್ಣಿಗೆ ಬಿತ್ತು. ನೀಲಿ ರಟ್ಟು, ಮೇಲೆ ಅಪ್ಪನ ಅಕ್ಷರದಲ್ಲಿ ಮಿಲ್ಲಿನ ಹೆಸರು. ಇನ್ನೂ ಏಳು ಗಂಟೆ. ಆಗಲೇ ಗಾಡಿ ತಿರುಗಿಸಿದ್ದರೆ ಸಂಜೆಯೊಳಗೆ ಗಂಗಾವತಿಯಲ್ಲಿರುತ್ತಿದ್ದೆ, ಶನಿವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗಬಹುದಿತ್ತು. ಕಡೇ ಪಕ್ಷ ಫೋನ್ ಆನ್ ಮಾಡಿ ಗುಮಾಸ್ತರಿಗೆ ಒಂದು ಮಾತು ಹೇಳಿದ್ದರೆ ಅವರು ಅಪ್ಪನನ್ನು ಕೇಳಿ ಯಾರ ಹತ್ತಿರವಾದರೂ ಕೈಗಡ ತರುತ್ತಿದ್ದರು. ಎರಡು ನಿಮಿಷದ ಮಾತು. ನಾನು ಮಂಚದ ಮೇಲೆ ಕೂತು ಯೋಚಿಸಿದ್ದು ಏನು ಗೊತ್ತಾ? ಫೋನ್ ಆನ್ ಮಾಡಿದರೆ ಎಲ್ಲಾ ಮುಗೀತು, ಮತ್ತೆ ಅದೇ ಮಿಲ್ಲು, ಅದೇ ನಾನು. ಜಿಪ್ ಎಳೆದು ಮುಚ್ಚಿದೆ. ಮನೆ ಬಿಟ್ಟಿದ್ದಲ್ಲ, ಆ ಜಿಪ್ ಮುಚ್ಚಿದ್ದು ನನ್ನ ತಪ್ಪು.

ಆಮೇಲಿನ ದಿನಗಳಲ್ಲಿ ಹೇಳುವಂಥದ್ದು ಏನೂ ಇಲ್ಲ. ಗಿದ್ದಲೂರು ಕಡೆ ನಲ್ಲಮಲ ಕಾಡು, ವಿಜಯವಾಡ, ರಾಜಮಂಡ್ರಿಯ ಗೋದಾವರಿ, ಅರಕು. ಎಲ್ಲಾ ಚಂದ ಇತ್ತು. ಹನ್ನೊಂದನೇ ದಿನ ವಾಪಸ್ ಬಂದೆ.

ಮಿಲ್ಲಿನ ಅಂಗಳದಲ್ಲಿ ಭತ್ತದ ಚೀಲಗಳ ರಾಶಿ, ಹಮಾಲರು ಇಲ್ಲ. ಶನಿವಾರ ಐದು ಗಂಟೆಯಿಂದ ರಾತ್ರಿ ಒಂಬತ್ತರವರೆಗೆ ಹದಿನಾಲ್ಕು ಜನ ಬಾಗಿಲಲ್ಲಿ ಕೂತಿದ್ದರಂತೆ. ಗುಮಾಸ್ತರು ನಾನು ಈಗ ಬರುತ್ತೇನೆ ಆಗ ಬರುತ್ತೇನೆ ಅಂತ ಕಾದರು, ನನ್ನ ಮರ್ಯಾದೆ ಉಳಿಸಲು ಅಪ್ಪನಿಗೂ ಹೇಳಲಿಲ್ಲ. ಹಮಾಲರ ಮೇಸ್ತ್ರಿ ತನ್ನ ಜನಕ್ಕೆ "ಬರ್ತಾರ, ನಾನ್ ಹೇಳ್ತೀನಿ" ಅಂತ ನಾಲ್ಕು ತಾಸು ಹೇಳುತ್ತಲೇ ಇದ್ದ. ಕೊನೆಗೆ ಅವರ ಸಂತೆಗೆ ಆಗಲಿ ಅಂತ ತಾನೇ ಬಡ್ಡಿಗೆ ಸಾಲ ತಂದು ಹಂಚಿದ. ಸೋಮವಾರದಿಂದ ಇನ್ನೊಂದು ಮಿಲ್ಲಿಗೆ ಹೋದ. ಅಪ್ಪ ಬಂದು ಅಸಲು, ಬಡ್ಡಿ ಎಲ್ಲಾ ಕೊಟ್ಟು ಕರೆದರೂ ಬರಲಿಲ್ಲ. ನಾನು ಹುಟ್ಟುವ ಮುಂಚೆಯಿಂದ ನಮ್ಮಲ್ಲಿ 75 ಕೆಜಿ ಚೀಲ ಹೊತ್ತ ಮನುಷ್ಯ. ಸಣ್ಣವನಿದ್ದಾಗ ನನ್ನನ್ನೂ ಅದೇ ಹೆಗಲ ಮೇಲೆ ಜಾತ್ರೆಗೆ ಹೊತ್ತುಕೊಂಡು ಹೋಗಿದ್ದ.

ಅವನ ಮನೆಗೆ ಹೋದೆ. ಚಾಪೆ ಹಾಸಿ ಕೂರಿಸಿದ, ಚಹಾ ಕೊಡಿಸಿದ. "ದುಡ್ಡಿನ ಮಾತಲ್ಲರೀ ಸಣ್ಣ ಸಾವ್ಕಾರ್ರ. ಹುಡುಗ್ರ ಮುಂದ ನನ್ ಮಾತು ಹೋತು," ಅಂದ. ಅಷ್ಟೇ. ಇನ್ನೂ ನಾಲ್ಕು ಮಾತು ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ಒಂದು ವರ್ಷ ಬಿಟ್ಟು, 2009ರಲ್ಲಿ, ಅದೇ ಕಥೆ ಕನ್ನಡದಲ್ಲಿ 'ಸವಾರಿ' ಆಗಿ ಬಂತು. ರಘು ಮುಖರ್ಜಿ, ಶ್ರೀನಗರ ಕಿಟ್ಟಿ ಇದ್ದರು, ಜಾನಕಿ ಪಾತ್ರಕ್ಕೆ ತೆಲುಗಿನಲ್ಲಿ ಮಾಡಿದ್ದ ಕಮಲಿನಿ ಮುಖರ್ಜಿ ಅವರೇ ಬಂದಿದ್ದರು. ಅದನ್ನು ನೋಡುವಾಗ ನನಗೆ ಹೊಳೆದಿದ್ದನ್ನು ನಿಮಗೆ ಹೇಳಬೇಕು. ನೀವು ಸಿನಿಮಾವನ್ನು ತಪ್ಪಾಗಿ ನೋಡಿದ್ದೀರಿ, ನಾನೂ ಹಾಗೇ ನೋಡಿದ್ದೆ. ಅಭಿರಾಮ್ ತನ್ನನ್ನು ಹುಡುಕಲು ಹೊರಟವನೇ ಅಲ್ಲ. ಅವನು ಹೊರಟಿದ್ದು ಜಾನಕಿಯನ್ನು ಹುಡುಕಲು. ಗೆಳೆಯರ ಜೊತೆ ಪಂದ್ಯ ಕಟ್ಟಿ ಅವಳ ಬೆನ್ನು ಬಿದ್ದಿದ್ದ, ಅವಳ ಮನಸ್ಸು ನೋಯಿಸಿದ್ದ. ಅವಳು ಎಲ್ಲಿ ಅಂತ ಊರೂರಲ್ಲಿ ಕೇಳಲೇಬೇಕಿತ್ತು. ಕೇಳಿದ್ದಕ್ಕೇ ಜನ ಬಾಯಿ ಬಿಟ್ಟರು. ಅಲ್ಲರಿ ನರೇಶ್ ಮಾಡಿದ ಗಾಲಿ ಶೀನು, ಅವನ ಬೈಕ್ ಕದಿಯಲು ಬಂದ ಕಳ್ಳ, ಜೊತೆಗಾರ ಆಗಿದ್ದೂ ಆ ದಾರಿಯಲ್ಲೇ. ನಾನು ಹನ್ನೊಂದು ದಿನದಲ್ಲಿ ಪೆಟ್ರೋಲ್ ಬಂಕ್ ಎಲ್ಲಿ ಅನ್ನುವುದು ಬಿಟ್ಟು ಯಾರನ್ನೂ ಏನೂ ಕೇಳಲಿಲ್ಲ. ಹುಡುಕಲು ನನಗೆ ಯಾರೂ ಇರಲಿಲ್ಲ. ನನ್ನನ್ನು ಹುಡುಕುತ್ತಿದ್ದವರು ಮಿಲ್ಲಿನ ಬಾಗಿಲಲ್ಲಿ ಕೂತಿದ್ದರು.

ಆದ್ದರಿಂದ ನಿಮ್ಮನ್ನು ನೀವು ಹುಡುಕಿಕೊಳ್ಳಲು ಅಂತ ಹೋಗಬೇಡಿ. ಅದಕ್ಕೆ ನನ್ನ ಒಪ್ಪಿಗೆ ಖಂಡಿತಾ ಇಲ್ಲ. ಮೊಬೈಲ್ ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಸುಮ್ನೆ ಊರು ನೋಡಲು ಹೋಗುತ್ತೇನೆ ಅಂತ ಅಪ್ಪನಿಗೆ ಹೇಳಿ ಹತ್ತು ದಿನ ಹೋದರೆ ಅದು ಬೇರೆ ಮಾತು, ಸಂತೋಷವಾಗಿ ಹೋಗಿ. ಅಂಗಡಿ ಬೇಡ ಅನ್ನಿಸಿದರೆ ಅದನ್ನೂ ಅಪ್ಪನ ಎದುರು ಕೂತು ಹೇಳಿ. ಅದಕ್ಕೆ ಬೈಕ್ ಯಾಕೆ ಬೇಕು?

ನಿಮಗೆ ನನ್ನದೊಂದು ಪ್ರಶ್ನೆ ಇದೆ. ನಿಮ್ಮ ಅಂಗಡಿಯಲ್ಲಿ ಲಾರಿಯಿಂದ ಸಿಮೆಂಟ್ ಚೀಲ ಇಳಿಸುವವರಿಗೆ ಕೂಲಿ ಕೊಡುವುದು ಯಾವ ದಿನ, ಯಾರ ಕೈಯಿಂದ? ಅದಕ್ಕೆ ಇಲ್ಲೇ ಉತ್ತರ ಬರೆಯಿರಿ. ಆಮೇಲೆ ದಾರಿಯ ವಿಷಯ ಮಾತಾಡೋಣ. ಬಳ್ಳಾರಿಯಿಂದ ಅರಕುವರೆಗೆ ಎಲ್ಲಿ ಉಳಿಯಬೇಕು, ಎಲ್ಲಿ ಊಟ ಚೆನ್ನಾಗಿರುತ್ತೆ, ಎಲ್ಲಾ ಹೇಳುತ್ತೇನೆ.