ಮದುವೆ ವಿಡಿಯೊ ಎಡಿಟಿಂಗಿಗೆ ಸೆಕೆಂಡ್ ಹ್ಯಾಂಡ್ 14 ಕೋರ್ ಜಿಯಾನ್ ತಗೊಳ್ಳಲಾ, ಹೊಸ ಐ5-12400 ತಗೊಳ್ಳಲಾ?

ಜಿಯಾನ್ ಬೇಡ, ಅದು ಇಂಟೆಲ್‌ನ ಸರ್ವರ್ ಪ್ರೊಸೆಸರ್. ಇ5-2680 ವಿ4 (14 ಕೋರಿನ ಆ ಜಿಯಾನ್ ಮಾಡೆಲ್) ಮತ್ತು ಅದು ಕೂರುವ ಎಕ್ಸ್99 ಮದರ್‌ಬೋರ್ಡಿನ ಕಾಂಬೊ, ಅದೂ ಮದುವೆ ವಿಡಿಯೊ ಕೆಲಸಕ್ಕೆ ಅಂದರೆ ಖಂಡಿತ ಬೇಡ. "14 ಕೋರ್ ಅರ್ಧ ಬೆಲೆಗೆ ಸಿಗುತ್ತಿರುವಾಗ 6 ಕೋರಿನ ಐ5ಗೆ ಯಾಕೆ ದುಡ್ಡು ಸುರಿಯಬೇಕು" ಅಂತ ಕೇಳಿದ್ದೀರಲ್ಲ, ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ನಿಂತು ನಾನೂ ಇದೇ ಮಾತಾಡಿದ್ದೆ.

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ. ಮದುವೆ, ನಾಮಕರಣ, ಗೃಹಪ್ರವೇಶ. ಸೀಸನ್ನಿನಲ್ಲಿ ನಿದ್ದೆ ಇರಲ್ಲ, ಆಷಾಢದಲ್ಲಿ ಕೆಲಸ ಇರಲ್ಲ. ಹಳೆ ಸಿಸ್ಟಂ ಸುಸ್ತಾಗಿತ್ತು, ಆಷಾಢದ ಬಿಡುವಿನಲ್ಲಿ ಹೊಸದು ಕಟ್ಟಿಸೋಣ ಅಂತ ಎಸ್‌ಪಿ ರೋಡಿಗೆ ಹೋದೆ. ಐ5-12400 ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಅಂಗಡಿಯವರು ಅದನ್ನು ಪಕ್ಕಕ್ಕಿಟ್ಟು, "ಸಾರ್, ಈ ಪೀಸ್ ನೋಡಿ. ಸರ್ವರ್‌ದು. ಡೇಟಾಸೆಂಟರಲ್ಲಿ ವರ್ಷಗಟ್ಟಲೆ ಆಫ್ ಮಾಡದೆ ಓಡಿರೋದು. ಐ5 ಎಲ್ಲ ಇದರ ಮುಂದೆ ಆಟದ ಸಾಮಾನು" ಅಂದರು. ಟಾಸ್ಕ್ ಮ್ಯಾನೇಜರ್ ತೆರೆದರೆ ಪರದೆ ತುಂಬ 28 ಚೌಕ, ಕೋರಿಗೆ ಎರಡು ಥ್ರೆಡ್ಡಿನಂತೆ. ಪ್ರೊಸೆಸರಿನ ತಾಕತ್ತು ಅಳೆಯುವ ಸಿನೆಬೆಂಚ್ ಅನ್ನೋ ಸಾಫ್ಟ್‌ವೇರ್ ಓಡಿಸಿದರು, 28 ಚೌಕವೂ ಮೇಲಿನ ತನಕ ತುಂಬಿಕೊಂಡವು. ಅದನ್ನು ಕಣ್ಣಾರೆ ನೋಡಿದವನಿಗೆ ಬುದ್ಧಿ ಎಲ್ಲಿ ಉಳಿಯುತ್ತೆ ಹೇಳಿ.

ಆದರೂ ನಾನು ಲೆಕ್ಕ ಹಾಕದೆ ತಗೊಂಡವನಲ್ಲ. ಕೊಟೇಶನ್ ಹಾಳೆಯ ಹಿಂದೆ ಎರಡು ಕಾಲಂ ಮಾಡಿದೆ. ಕೋರ್ 14 ಮತ್ತು 6. ಥ್ರೆಡ್ 28 ಮತ್ತು 12. ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) 35 ಎಂಬಿ ಮತ್ತು 18 ಎಂಬಿ. ರ‍್ಯಾಮ್ ಚಾನೆಲ್ 4 ಮತ್ತು 2. ಪಿಸಿಐಇ ಲೇನ್ (ಕಾರ್ಡು, ಡಿಸ್ಕುಗಳಿಗೆ ಡೇಟಾ ಓಡಾಡುವ ದಾರಿ) 40 ಮತ್ತು 20. ಬೇಸ್ ಸ್ಪೀಡ್ 2.4 ಮತ್ತು 2.5 ಗಿಗಾಹರ್ಟ್ಸ್, ಅಂದರೆ ಸಮಸಮ. 2016ರಲ್ಲಿ ಬಂದಾಗ ಇಂಟೆಲ್ ಪಟ್ಟಿಯಲ್ಲಿ ಜಿಯಾನಿನ ಬೆಲೆ 1,745 ಡಾಲರ್; 2022ರಲ್ಲಿ ಬಂದ ಐ5ದು 200 ಡಾಲರಿಗೂ ಕಡಿಮೆ. ಕೊನೆಗೆ ಒಂದು ಸಾಲು, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್: ಇಲ್ಲ ಮತ್ತು ಇದೆ. ಆ ಸಾಲಿನ ಮೇಲೆ ಅಡ್ಡಗೆರೆ ಎಳೆದುಬಿಟ್ಟೆ. ನನ್ನ ಹತ್ತಿರ ಜಿಟಿಎಕ್ಸ್ 1660 ಸೂಪರ್ ಕಾರ್ಡ್ ಇರುವಾಗ ಒಳಗಿನ ಪುಟಗೋಸಿ ಗ್ರಾಫಿಕ್ಸ್ ಯಾರಿಗೆ ಬೇಕು?

ಉಳಿದ ಸಾಲುಗಳಲ್ಲಿ ಮೋಸ ಇರಲಿಲ್ಲ ಅಂತಲ್ಲ, ಇತ್ತು, ಆದರೆ ಅದರಿಂದ ನನಗೆ ಪೆಟ್ಟು ಬೀಳಲಿಲ್ಲ. ಬೇಗ ಹೇಳಿ ಮುಗಿಸುತ್ತೇನೆ. ಬೇಸ್ ಸ್ಪೀಡ್ ಸಮ ಇದ್ದರೂ ಟರ್ಬೊದಲ್ಲಿ, ಅಂದರೆ ಕೆಲಸ ಬಿದ್ದಾಗ ಏರುವ ವೇಗದಲ್ಲಿ, ಜಿಯಾನ್ 3.3ಕ್ಕೆ ನಿಲ್ಲುತ್ತೆ, ಐ5 4.4ಕ್ಕೆ ಹೋಗುತ್ತೆ. ಮೇಲಾಗಿ ಆರು ವರ್ಷ ಈಚಿನ ಕೋರ್ ಅಷ್ಟೇ ಗಿಗಾಹರ್ಟ್ಸ್‌ನಲ್ಲಿ ಜಾಸ್ತಿ ಕೆಲಸ ಮುಗಿಸುತ್ತೆ. ಎಲ್ಲ ಕೋರನ್ನೂ ದುಡಿಸಿದರೆ ಇವೆರಡೂ ಹೆಚ್ಚುಕಮ್ಮಿ ಸರಿಸಮ. ಒಂದೇ ಕೋರಿನ ಓಟದಲ್ಲಿ ಐ5 ಒಂದೂವರೆ ಪಟ್ಟಿಗೂ ಮೀರಿ ಮುಂದೆ. ನಿಮ್ಮ "14 ಹೆಚ್ಚೋ 6 ಹೆಚ್ಚೋ" ಪ್ರಶ್ನೆ ಇಲ್ಲಿಗೇ ಬಿದ್ದುಹೋಯಿತು. 14 ಹಳೆ ಕೋರಿಗೂ 6 ಹೊಸ ಕೋರಿಗೂ ಒಟ್ಟು ಲೆಕ್ಕ ಒಂದೇ, ಕರೆಂಟ್ ಮಾತ್ರ ಒಂದೇ ಅಲ್ಲ.

ಮೊದಲ ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಆಗಿನ ನಮ್ಮ ಕ್ಯಾಮೆರಾ ಹಳೇದು, 8 ಬಿಟ್, 4:2:0 (ಬಣ್ಣದ ಮಾಹಿತಿಯ ಲೆಕ್ಕ, ಮುಂದೆ ಹೇಳ್ತೀನಿ), ಎಚ್.264 (ವಿಡಿಯೊ ಕುಗ್ಗಿಸಿಡುವ ಒಂದು ಬಗೆ) ಫೈಲು. ಅಂಥದ್ದನ್ನು ಯಾವ ಗ್ರಾಫಿಕ್ಸ್ ಕಾರ್ಡ್ ಬೇಕಾದರೂ ಬಿಚ್ಚುತ್ತೆ. ಸ್ನೇಹಿತರನ್ನು ಕರೆದು 28 ಚೌಕ ತೋರಿಸಿದ್ದೂ ಉಂಟು.

ಕಾರ್ತಿಕದಲ್ಲಿ ಒಂದು ದೊಡ್ಡ ಮದುವೆ ಬಂತು. ಬೆಳಗ್ಗೆ ಮುಹೂರ್ತ, ಸಂಜೆ ಆರತಕ್ಷತೆ. ಬೆಳಗಿನ ಶೂಟಿಂಗನ್ನು ಅಲ್ಲೇ ಎಡಿಟ್ ಮಾಡಿ ಸಂಜೆ ಎಲ್‌ಇಡಿ ವಾಲ್ ಮೇಲೆ ಹಾಕಬೇಕು, ಸೇಮ್ ಡೇ ಎಡಿಟ್. ಅದಕ್ಕಂತಲೇ ಸೋನಿ ಎ7 ಫೋರ್ ಬಾಡಿ ಬಾಡಿಗೆಗೆ ತಂದು, ಇರುವುದರಲ್ಲಿ ಒಳ್ಳೆ ಕ್ವಾಲಿಟಿಗೆ ಸೆಟ್ ಮಾಡಿದೆ: 4ಕೆ, 50 ಫ್ರೇಮ್, 10 ಬಿಟ್ (ಬಣ್ಣದ ಛಾಯೆ ಇನ್ನೂ ಹೆಚ್ಚು), 4:2:2, ಎಚ್.265 (ಎಚ್.264ರ ಮುಂದಿನ ತಲೆಮಾರು). ಕಲ್ಯಾಣ ಮಂಟಪದ ಹಿಂದೆ, ಅಡುಗೆಮನೆಗೆ ತಾಗಿದ ಒಂದು ರೂಮಿನಲ್ಲಿ ಸಿಸ್ಟಂ ಇಳಿಸಿದೆವು. ಮಾಂಗಲ್ಯಧಾರಣೆಯ ಕ್ಲಿಪ್ಪನ್ನು ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಟೈಮ್‌ಲೈನಿಗೆ ಎಳೆದು ಪ್ಲೇ ಒತ್ತಿದೆ. ವರನ ಕೈ ಮೇಲೆದ್ದಿತು, ನಿಂತಿತು. ಆಡಿಯೊದಲ್ಲಿ ಗಟ್ಟಿಮೇಳ ನಡೀತಾನೇ ಇದೆ, ಚಿತ್ರ ಅಲ್ಲಾಡಲ್ಲ. ಆಮೇಲೆ ಒಮ್ಮೆಲೇ ಹಾರಿ ಅಕ್ಷತೆಗೆ ಬಂತು. ತಾಳಿ ಕಟ್ಟಿದ್ದೇ ಕಾಣಲಿಲ್ಲ.

ಟಾಸ್ಕ್ ಮ್ಯಾನೇಜರ್ ತೆರೆದೆ. 28 ಚೌಕದಲ್ಲಿ ಕೆಲವು ಮೇಲೆ ಕೆಳಗೆ ಕುಣಿಯುತ್ತಿದ್ದವು, ಉಳಿದವು ನೆಲ ಹಿಡಿದಿದ್ದವು. ಗ್ರಾಫಿಕ್ಸ್ ಕಾರ್ಡಿನ ಪುಟದಲ್ಲಿ "ವಿಡಿಯೊ ಡಿಕೋಡ್" (ಕುಗ್ಗಿಸಿಟ್ಟ ಫೈಲನ್ನು ಬಿಚ್ಚಿ ಚಿತ್ರ ಮಾಡುವ ಕೆಲಸ) ಅನ್ನೋ ಒಂದು ಗ್ರಾಫ್ ಇರುತ್ತಲ್ಲ, ಅದು ಸೊನ್ನೆಯಲ್ಲಿ ಮಲಗಿತ್ತು.

ಈ ಸೊನ್ನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಾನು ಅಡ್ಡಗೆರೆ ಎಳೆದ ಸಾಲು ಇದೇ.

ಎಚ್.265 ಫೈಲಿನಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ ಆಗಿರಲ್ಲ. ಆಗೊಂದು ಈಗೊಂದು ಪೂರ್ತಿ ಚಿತ್ರ, ನಡುವಿನದೆಲ್ಲ "ಅಕ್ಕಪಕ್ಕದ ಫ್ರೇಮಿಗಿಂತ ಇಷ್ಟು ಬದಲಾಗಿದೆ" ಅನ್ನೋ ಟಿಪ್ಪಣಿ. ಮುಂದಕ್ಕೆ ಪ್ಲೇ ಮಾಡಿದರೆ ಹೇಗೋ ಸಾಗುತ್ತೆ. ಎಡಿಟ್ ಮಾಡುವವರು ಹಿಂದೆ ಮುಂದೆ ಎಳೀತಾನೇ ಇರ್ತೀವಿ. ಒಂದು ಫ್ರೇಮ್ ಹಿಂದಕ್ಕೆ ಹೋಗಬೇಕಂದರೂ ಅದು ಹಿಂದಿನ ಪೂರ್ತಿ ಚಿತ್ರದ ತನಕ ಹೋಗಿ, ಅಲ್ಲಿಂದ ಒಂದೊಂದೇ ಟಿಪ್ಪಣಿ ಬಿಚ್ಚಿಕೊಂಡು ಬರಬೇಕು. ಒಂದರ ಮೇಲೊಂದು ನಿಂತ ಕೆಲಸ ಇದು, 14 ಕೋರಿಗೆ ಸಮಪಾಲು ಹಂಚಲು ಬರಲ್ಲ. ಪಕ್ಕದ ಅಡುಗೆಮನೆಯಲ್ಲಿ ಹದಿನಾಲ್ಕು ಭಟ್ಟರಿದ್ದರು, ಆದರೂ ಮೈಸೂರುಪಾಕಿನ ಬಾಣಲೆಗೆ ಸೌಟು ಹಿಡಿದು ನಿಂತವರು ಒಬ್ಬರೇ.

ಅದಕ್ಕೇ ಈಚಿನ ಚಿಪ್‌ಗಳಲ್ಲಿ ಈ ಬಿಚ್ಚುವ ಕೆಲಸಕ್ಕೆ ಅಂತಲೇ ಒಂದು ಬೇರೆ ಸರ್ಕ್ಯೂಟ್ ಇಟ್ಟಿರುತ್ತಾರೆ. ಇಂಟೆಲ್‌ನಲ್ಲಿ ಅದರ ಹೆಸರು ಕ್ವಿಕ್ ಸಿಂಕ್, ಅದು ಇರೋದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿ. ಜಿಯಾನ್ ಇ5ರಲ್ಲಿ ಗ್ರಾಫಿಕ್ಸೇ ಇಲ್ಲ, ಹಾಗಾಗಿ ಇದೂ ಇಲ್ಲ. ಸರ್ವರ್ ಮನೆಯಲ್ಲಿ ಮಾನಿಟರ್ ಹಾಕಿಕೊಂಡು ಕೂರುವವರು ಯಾರೂ ಇಲ್ಲವಲ್ಲ, ಆ ಜಾಗದಲ್ಲಿ ಇನ್ನೆರಡು ಕೋರ್ ಕೂರಿಸುವುದೇ ಅವರಿಗೆ ಲಾಭ.

"ಇರಲಿ, ಕಾರ್ಡಿನಲ್ಲೂ ಡಿಕೋಡರ್ ಇರುತ್ತಲ್ಲ" ಅಂತೀರಿ. ಇರುತ್ತೆ. ಆದರೆ ಅದು ಯಾವ ಫೈಲಿಗೆ ಅನ್ನೋದೇ ಪ್ರಶ್ನೆ. ನಾಲ್ಕು ಪಿಕ್ಸೆಲಿನ ಒಂದು ಚೌಕ ತಗೊಳ್ಳಿ. ಬೆಳಕಿನ ಮಾಹಿತಿ ನಾಲ್ಕಕ್ಕೂ ಬೇರೆ ಬೇರೆ ಇರುತ್ತೆ. ಬಣ್ಣದ ಮಾಹಿತಿ 4:2:0ರಲ್ಲಿ ನಾಲ್ಕಕ್ಕೂ ಸೇರಿ ಒಂದು, 4:2:2ರಲ್ಲಿ ಎರಡು. ಕೆಂಪು ಧಾರೆ ಸೀರೆಯ ಜರಿ ಅಂಚು ಬಣ್ಣ ಕಲೆಸಿಕೊಳ್ಳದೆ ಬರಬೇಕು ಅಂತ ನಾನು 4:2:2 ಆರಿಸಿದ್ದೆ. ಟೀವಿ, ಯೂಟ್ಯೂಬ್, ಮೊಬೈಲ್ ಎಲ್ಲ ನಡೆಯೋದು 4:2:0 ಮೇಲೆ, ಹಾಗಾಗಿ ಗ್ರಾಫಿಕ್ಸ್ ಕಾರ್ಡುಗಳ ಡಿಕೋಡರೂ ಅದಕ್ಕೇ ಹೊಂದಿಕೊಂಡು ಬಂದವು. ಎನ್ವಿಡಿಯಾದಲ್ಲಿ 4:2:2 ಬಿಚ್ಚುವ ಸರ್ಕ್ಯೂಟ್ ಬಂದಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ನನ್ನ 1660 ಅದಕ್ಕೂ ಎಷ್ಟೋ ಹಿಂದಿನದು, ಈ ಫೈಲನ್ನು ಅದು ಮುಟ್ಟಲೇ ಇಲ್ಲ. ನಾನು "ಪುಟಗೋಸಿ" ಅಂತ ಬಿಟ್ಟುಬಂದ ಐ5ರ ಒಳಗಿನ ಯುಎಚ್‌ಡಿ 730ಗೆ ಮಾತ್ರ ಇದು ನಿತ್ಯದ ಕೆಲಸ. ಇಂಟೆಲ್‌ನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ 11ನೇ ತಲೆಮಾರಿನಿಂದಲೇ 10 ಬಿಟ್ 4:2:2 ಎಚ್.265 ಡಿಕೋಡ್ ಇದೆ.

ಪ್ರಾಕ್ಸಿ, ಅಂದರೆ ಎಡಿಟಿಂಗಿಗೆ ಅಂತ ಹಗುರವಾದ ನಕಲು ಫೈಲು, ಮಾಡಬಹುದಿತ್ತು, ಮಾಡಲು ಕೂತೆ ಕೂಡ. ಪ್ರಾಕ್ಸಿ ಮಾಡುವುದಕ್ಕೂ ಮೊದಲು ಆ ಫೈಲನ್ನೇ ಬಿಚ್ಚಬೇಕಲ್ಲ! ಊಟದ ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂತರೂ ಬಾರ್ ಅರ್ಧಕ್ಕೆ ಬಂದಿರಲಿಲ್ಲ. ವಧುವಿನ ಸೋದರಮಾವ ಆಗಾಗ ಬಾಗಿಲಲ್ಲಿ ಇಣುಕಿ "ಏನಪ್ಪಾ, ರೆಡಿ ಆಯ್ತಾ?" ಅಂತ ಕೇಳೋರು. ಮೊದಲು ನಗ್ತಾ ಕೇಳಿದರು, ಆಮೇಲೆ ನಗಲಿಲ್ಲ. ಸಂಜೆ ವಾಲ್ ಮೇಲೆ ಓಡಿದ್ದು ಫೋಟೋಗಳ ಸ್ಲೈಡ್‌ಶೋ. ಬಾಕಿ ಹಣದಲ್ಲಿ ಮುರಿದುಕೊಂಡರು, ಅದು ನ್ಯಾಯವೇ. ಅದೇ ಮನೆಯ ಎರಡನೇ ಮಗಳ ಮದುವೆ ಬೇರೆ ಸ್ಟುಡಿಯೊಗೆ ಹೋಯಿತು. ಜಿಯಾನಿನಲ್ಲಿ ಉಳಿಸಿದ ದುಡ್ಡಿಗಿಂತ ಆ ಒಂದು ಆರ್ಡರು ದೊಡ್ಡದಿತ್ತು.

ಸರಿ, ಐ5ಗೆ ಬದಲಾಯಿಸೋಣ ಅಂದರೆ ಅಲ್ಲೂ ಒಂದು ಕೊಕ್ಕೆ. ನನ್ನ 64 ಜಿಬಿ ರ‍್ಯಾಮ್ ಸರ್ವರಿನಿಂದ ಕಳಚಿದ್ದು, ರಿಜಿಸ್ಟರ್ಡ್ ಇಸಿಸಿ (ಸರ್ವರಿಗಂತಲೇ ಮಾಡಿದ, ತಪ್ಪು ತಾನೇ ತಿದ್ದಿಕೊಳ್ಳುವ ಬಗೆ). ಡಿಡಿಆರ್4 ಬೋರ್ಡ್ ತಗೊಂಡು ಅದನ್ನೇ ಹಾಕೋಣ ಅಂತಿದ್ದೆ. ಸ್ಲಾಟಿನಲ್ಲಿ ಟಕ್ ಅಂತ ಕೂರುತ್ತೆ, ಪಿನ್ನೂ ಅಷ್ಟೇ, ಕಚ್ಚೂ ಅಲ್ಲೇ. ಸಿಸ್ಟಂ ಮಾತ್ರ ಆನ್ ಆಗಲ್ಲ. ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿಗೆ ಅದು ನಡೆಯಲ್ಲ. ಸ್ಟಿಕ್ಕರ್ ಮೇಲೆ "ಪಿಸಿ4-2400ಟಿ" ಆದ ಮೇಲೆ ಆರ್ ಅಕ್ಷರ ಇದ್ದರೆ ಸರ್ವರ್‌ದು, ಯು ಇದ್ದರೆ ನಮ್ಮದು. ನಿಮಗೆ ಕಾಂಬೊದಲ್ಲಿ ಅಗ್ಗಕ್ಕೆ ಕೊಡ್ತೀನಿ ಅಂತಿರೋ ರ‍್ಯಾಮ್ ಕೂಡ ಆರ್ ಇರೋದೇ, ಬೇಕಾದರೆ ಫೋಟೋ ತರಿಸಿ ನೋಡಿ. ಬೋರ್ಡಿನದೂ ಒಂದು ಮಾತು. ಎಕ್ಸ್99 ಅಂತ ಹೆಸರಿಟ್ಟು ಬರುವ ಹೊಸ ಅಗ್ಗದ ಬೋರ್ಡುಗಳಲ್ಲಿ ಹಲವಕ್ಕೆ ಹಾಕಿರೋದು ಎಚ್81, ಬಿ85ರಂಥ ಹಳೆ ಚಿಪ್‌ಸೆಟ್. ನನ್ನದು ಸ್ಲೀಪ್‌ಗೆ ಹೋದರೆ ಏಳುತ್ತಲೇ ಇರಲಿಲ್ಲ. ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಜಿಯಾನ್ ಇಲ್ಲ. ಅಡ್ಡದಾರಿಯಲ್ಲಿ ಹಾಕಬಹುದು, ಆದರೆ ಗಿರಾಕಿ ಕೆಲಸದ ಸಿಸ್ಟಮ್ಮಿಗೆ ನಾನಂತೂ ಹಾಕಲ್ಲ.

ಹಾಗಂತ ಸರ್ವರ್ ಪ್ರೊಸೆಸರ್ ಕೆಟ್ಟದ್ದಾ? ಖಂಡಿತ ಅಲ್ಲ. ಒಂದೇ ಹೊತ್ತಿಗೆ ನೂರಾರು ಜನ ಕದ ತಟ್ಟುವ ಕಡೆ, ಹತ್ತಾರು ವರ್ಚುವಲ್ ಮಷೀನ್ (ಒಂದೇ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಲ್ಲಿ ಮಾಡಿದ ಬೇರೆ ಬೇರೆ ಕಂಪ್ಯೂಟರ್) ಓಡಿಸುವ ಕಡೆ, ರ‍್ಯಾಮಿನಲ್ಲಿ ಒಂದು ಬಿಟ್ ತಿರುಗಿಬಿದ್ದರೂ ತಾನೇ ತಿದ್ದಿಕೊಳ್ಳಬೇಕಾದ ಕಡೆ ಅದಕ್ಕೆ ಸಮ ಇಲ್ಲ. ನೀವು ಅಂಥ ವರ್ಚುವಲ್ ಮಷೀನ್ ಓಡಿಸುವ ಪ್ರಾಕ್ಸ್‌ಮಾಕ್ಸ್ ಸಾಫ್ಟ್‌ವೇರ್ ಕಲಿಯೋಕೆ ಅಂತ ಕೇಳಿದ್ದರೆ ಈ ಉತ್ತರ ಉಲ್ಟಾ ಇರ್ತಿತ್ತು. ನನ್ನ ಜಿಯಾನ್ ಈಗ ಸ್ಟುಡಿಯೊದ ಮೂಲೆಯಲ್ಲಿ ಹಾರ್ಡ್‌ಡಿಸ್ಕ್ ತುಂಬಿಕೊಂಡು ಹಳೆ ಮದುವೆಗಳ ಬ್ಯಾಕಪ್ ಕಾಯ್ತಿದೆ. ವಾರಕ್ಕೊಮ್ಮೆ ಆನ್ ಮಾಡಿ ಕಾಪಿ ಮುಗಿಸಿ ಆಫ್ ಮಾಡ್ತೀವಿ. ದಿನವಿಡೀ ಇಟ್ಟರೆ ಖಾಲಿ ಕೂತೇ ಕರೆಂಟ್ ಕುಡಿಯುತ್ತೆ.

ಈಗ ನಿಮ್ಮ ವಿಷಯ. ಐ5-12400 ತಗೊಳ್ಳಿ, 12400ಎಫ್ ಬೇಡ. ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಬಂದ್ ಅಂತ ಅರ್ಥ. ಅಂಗಡಿಯವರು "ಕಾರ್ಡ್ ಹಾಕ್ತೀರಲ್ಲ ಸಾರ್, ಎಫ್ ಸಾಕು, ದುಡ್ಡು ಉಳಿಯತ್ತೆ" ಅಂತ ಹೇಳೇ ಹೇಳ್ತಾರೆ. ರೈಜೆನ್ 5 5600 ತಗೊಳ್ಳಿ ಅಂತ ಕೆಳಗೆ ಯಾರಾದರೂ ಬರೀತಾರೆ. ಒಳ್ಳೆ ಚಿಪ್, ಆದರೆ ಅದರಲ್ಲೂ ಗ್ರಾಫಿಕ್ಸ್ ಇಲ್ಲ, ಇದೇ ಹಳ್ಳಕ್ಕೆ ಬೀಳ್ತೀರಿ. ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ಹಾಕುವವರಿದ್ದರೆ ಮಾತು ಬೇರೆ.

ಸಿಸ್ಟಂ ಬಂದ ಮೇಲೆ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಬೋರ್ಡಿನ ಸೆಟ್ಟಿಂಗ್) ಹೋಗಿ ಒಳಗಿನ ಗ್ರಾಫಿಕ್ಸ್ ಆನ್ ಮಾಡಿ, ಐಜಿಪಿಯು ಮಲ್ಟಿ-ಮಾನಿಟರ್ ಅಂತ ಇರುತ್ತೆ. ಕಾರ್ಡ್ ಸಿಕ್ಕಿಸಿದ ಕೂಡಲೇ ಎಷ್ಟೋ ಬೋರ್ಡುಗಳು ಅದನ್ನು ತಾವಾಗಿಯೇ ಆಫ್ ಮಾಡಿಬಿಡ್ತಾವೆ, ಆಮೇಲೆ "ಐ5ಲ್ಲೂ ಅದೇ ಗೋಳು" ಅಂತ ನನ್ನನ್ನು ಬೈಬೇಡಿ. ಪ್ರೀಮಿಯರ್‌ನ ಮೀಡಿಯಾ ಪ್ರಿಫರೆನ್ಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗಿಗೆ ಇಂಟೆಲ್ ಟಿಕ್ ಆಗಿದೆಯಾ ನೋಡಿ. ಮತ್ತೆ ಕ್ಯಾಮೆರಾದಲ್ಲಿ 4:2:2 ಬೇಕಿದ್ದರೆ ಎಚ್.265 ಮೋಡಿನಲ್ಲೇ ಶೂಟ್ ಮಾಡಿ. 10 ಬಿಟ್ 4:2:2 ಇದ್ದೂ ಎಚ್.264 ಆಗಿದ್ದರೆ ಈ ಐ5ನ ಸರ್ಕ್ಯೂಟೂ ಕೈ ಎತ್ತುತ್ತೆ.

ಅಂದಹಾಗೆ ಎಷ್ಟು ಕೋರ್, ಎಷ್ಟು ಬೆಲೆ ಅಂತೆಲ್ಲ ಬರೆದಿದ್ದೀರಿ, ಯಾವ ಕ್ಯಾಮೆರಾ ಅಂತಲೇ ಬರೆದಿಲ್ಲ. ಮಾಡೆಲ್ ಮತ್ತು ರೆಕಾರ್ಡಿಂಗ್ ಫಾರ್ಮ್ಯಾಟ್ ಕಾಮೆಂಟಿನಲ್ಲಿ ಹಾಕಿ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ. ಅಂಗಡಿಗೆ ಹೋಗೋದೇ ಆದರೆ ಪೆನ್‌ಡ್ರೈವಿನಲ್ಲಿ ನಿಮ್ಮದೇ ಕ್ಯಾಮೆರಾದ ಎರಡು ಕ್ಲಿಪ್ ಒಯ್ದು, ಅವರ ಸಿಸ್ಟಮ್ಮಿನಲ್ಲೇ ಟೈಮ್‌ಲೈನಿಗೆ ಹಾಕಿ ಹಿಂದಕ್ಕೆ ಎಳೆದು ನೋಡಿ. ಅದಕ್ಕೆ ಒಪ್ಪದವರು ಇದ್ದರೆ ಎಸ್‌ಪಿ ರೋಡಿನಲ್ಲಿ ಅಂಗಡಿಗಳಿಗೇನೂ ಬರವಿಲ್ಲ.